ನನ್ನ ಹೆಸರಿನಲ್ಲಿದ್ದ ಪಿಕಪ್

ಇವರು ಆ ಅರ್ಜಿಯನ್ನು ತಂದು ನನ್ನ ಮುಂದೆ ಇಟ್ಟಾಗ ನಾನು ಚಾವಡಿಯಲ್ಲಿ ಕೂತು ಹುರುಳಿ ಕೇರುತ್ತಿದ್ದೆ. "ಇಲ್ಲಿ ಒಂದು ರುಜು ಹಾಕು" ಎಂದು ಬೆರಳಿಟ್ಟು ಜಾಗ ತೋರಿಸಿದರು. ಆ ಬೆರಳಿಟ್ಟ ರೀತಿಯೇ ನನಗೆ ಸರಿ ಕಾಣಲಿಲ್ಲ. ಕಾಗದದ ಉಳಿದ ಭಾಗವೆಲ್ಲ ಅವರ ಅಂಗೈ ಕೆಳಗಿತ್ತು.

"ಎಂತ ಇದು?"

"ಎಂತದ್ದೂ ಇಲ್ಲ ಮಾರಾಯ್ತಿ. ಗಾಡಿಯದ್ದು ಸ್ವಲ್ಪ ರಿಪೇರಿ. ಮಂಗಳೂರಿನ ಆರ್.ಟಿ.ಓ. ಆಫೀಸಿಗೆ ಕೊಡ್ಲಿಕ್ಕುಂಟು."

"ರಿಪೇರಿಗೆ ಅರ್ಜಿ ಎಂತಕ್ಕೆ? ಹೋದ ವರ್ಷ ಬ್ರೇಕು ಸರಿ ಮಾಡಿಸಿದಾಗ ಅರ್ಜಿ ಕೊಟ್ಟಿದ್ರಾ?"

ಇವರು ಅಂಗಳದ ಕಡೆ ನೋಡಿದರು. ಇವರು ಅಂದರೆ ನನ್ನ ಗಂಡ. ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿರಲಿಲ್ಲ, ಈ ವಯಸ್ಸಿನಲ್ಲಿ ಕಲಿಯುವ ಮನಸ್ಸೂ ಇಲ್ಲ. ನಾನು ಗೆರಸೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿ, ಅವರ ಕೈ ಸರಿಸಿ ಓದಿದೆ. ಅರ್ಜಿ ಇಂಗ್ಲಿಷಿನಲ್ಲಿತ್ತು. ಅದಕ್ಕೆ ಗುಂಡುಸೂಜಿ ಚುಚ್ಚಿ ಸೇರಿಸಿದ್ದ ಕನ್ನಡದ ಚೀಟಿಯಲ್ಲಿ ಆಗಬೇಕಾದ ಕೆಲಸ ಬರೆದಿತ್ತು. ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಹೋಗುವಂತೆ ಮಿಲಿಟರಿ ಗಾಡಿಯ ಎಕ್ಸೆಲ್ ಕೂರಿಸುವುದು, ಸ್ಪ್ರಿಂಗು ಎತ್ತರಿಸುವುದು, ದೊಡ್ಡ ಟಯರು, ಉಕ್ಕಿನ ಹಗ್ಗ ಸುತ್ತುವ ಒಂದು ರಾಟೆ. ಅಕ್ಷರ ಇವರದ್ದಲ್ಲ. ಇವರು ಸಾಮಾನು ಸಾಗಿಸುತ್ತಿದ್ದ ಬಂಟ್ವಾಳದ ಧಣಿಯ ಗುಮಾಸ್ತನದ್ದು. ಸಾಮಾನಿನ ಚೀಟಿಗಳಲ್ಲಿ ಆ ಗುಂಡನೆಯ ಅಕ್ಷರವನ್ನು ನಾನು ವಾರಕ್ಕೆ ಮೂರು ಸಲ ನೋಡುತ್ತಿದ್ದೆ.

ನಮ್ಮ ಗಾಡಿಯ ಕೆಲಸ ಬರೆಯಲು ಅವರ ಗುಮಾಸ್ತ ಯಾಕೆ? ನಾನು ರುಜು ಹಾಕಲಿಲ್ಲ. ನೋಡುವ, ನಾಳೆ ಹಾಕುವ ಎಂದು ಕಾಗದವನ್ನು ಅಕ್ಕಿ ಅಳೆಯುವ ಕಲಸೆಯ ಕೆಳಗೆ ಇಟ್ಟೆ. ಇವರು ಅಂಗಳಕ್ಕಿಳಿದು, ಅಗತ್ಯವಿಲ್ಲದಿದ್ದರೂ ಗಾಡಿಯ ಬಾನೆಟ್ ಎತ್ತಿ ಒಳಗೆ ನೋಡುತ್ತ ನಿಂತರು.

ಗಾಡಿ, ಒಂದು ಹಳೆಯ ಪಿಕಪ್, ನನ್ನ ಹೆಸರಿನಲ್ಲಿತ್ತು. ನಮ್ಮದು ಅಳಿಯಸಂತಾನದ ಮನೆ, ವೇಣೂರಿನಿಂದ ಒಂದೂವರೆ ಮೈಲು. ಗದ್ದೆ ಹೆಂಗಸರ ಕಡೆಯಿಂದ ಬರುತ್ತದೆಯಾದರೆ ಗಾಡಿಯೂ ಹಾಗೇ ಇರಲಿ ಎಂದು ನನ್ನ ಸೋದರಮಾವ, ಮನೆಯ ಯಜಮಾನರು, ಅದನ್ನು ಘಟ್ಟದ ಮೇಲಿನ ಒಬ್ಬ ಕಾಫಿ ತೋಟದವರಿಂದ ಹಳತಾಗಿ ಕೊಂಡು ನನ್ನ ಹೆಸರಿಗೆ ಬರೆಸಿದ್ದರು. ಆಗ ನನಗೆ ಇಪ್ಪತ್ತಾರೋ ಇಪ್ಪತ್ತೇಳೋ. ಅರುವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸ್ಟೇರಿಂಗ್ ನಾನು ಒಂದು ದಿನವೂ ಮುಟ್ಟಿದವಳಲ್ಲ. ಓಡಿಸುವುದು ಇವರು. ಬಂಟ್ವಾಳದ ಹೊಳೆಬದಿಯ ಪೇಟೆಯಲ್ಲಿ ಧಣಿಯ ಗೋದಾಮಿನಿಂದ ಉಪ್ಪು, ಬೆಲ್ಲ, ಚಿಮಿಣಿ ಎಣ್ಣೆ, ಒಣಮೀನು ತುಂಬಿಸಿಕೊಂಡು ಬೆಳ್ತಂಗಡಿ ದಾಟಿ ಘಟ್ಟದ ಬುಡದ ತನಕ ಅಂಗಡಿ ಅಂಗಡಿಗೆ ಇಳಿಸುವುದು. ಬರುವಾಗ ಅಕ್ಕಿಮುಡಿ, ಸೀಗೆಕಾಯಿ, ಕಾಳುಮೆಣಸು.

ಆ ಗಾಡಿ ಡಾಮರಿನ ಮೇಲೆ ಒಳ್ಳೆಯದೇ. ಮಣ್ಣಿನ ದಾರಿಯಲ್ಲಿ ಮಾತ್ರ ಹಠಮಾರಿ. ಹಿಂದಿನ ಎರಡು ಚಕ್ರ ತಿರುಗಿದಲ್ಲೇ ತಿರುಗಿ ಹೊಂಡ ತೋಡಿಕೊಂಡು ಕೂರುತ್ತಿತ್ತು. ಹಿಂದಿನ ಮಳೆಗಾಲದ ಕೊನೆಗೆ ಘಟ್ಟದ ಬುಡದಲ್ಲಿ ನೀರು ಹರಿಯುವ ಒಂದು ತೋಡಿನಲ್ಲಿ ಹೂತುಹೋಗಿ ಎರಡು ಜೋಡಿ ಎತ್ತು ಕಟ್ಟಿ ಎಳೆಸಬೇಕಾಯಿತು. ಇವರು ಹುಬ್ಬಿನವರೆಗೆ ಕೆಸರು ಮೆತ್ತಿಕೊಂಡು ಮನೆಗೆ ಬಂದು, ಊಟವೂ ಬೇಡವೆಂದು ಮಲಗಿದ್ದು ನನಗೆ ನೆನಪಿದೆ. ಹಾಗಾಗಿ ಗಾಡಿಗೆ ಬಲ ಬರುತ್ತದೆ ಎಂದರೆ ನಾನು ಸಂತೋಷಪಡಬೇಕಿತ್ತು. ಬೇಡ ಎನ್ನುವ ಹೆಂಗಸು ನಾನಲ್ಲ. ಆದರೆ ಒಳ್ಳೆಯ ಸುದ್ದಿಯನ್ನು ಯಾರಾದರೂ ಅಂಗೈಯಿಂದ ಮುಚ್ಚಿ ತರುತ್ತಾರಾ?

ಮಾರನೆಯ ದಿನ ಇವರು ತಾವಾಗಿಯೇ ಬಾಯಿ ಬಿಟ್ಟರು. ತೋಡಿನ ಆಚೆ ನಾಲ್ಕು ಮೈಲು ಎತ್ತಿನಗಾಡಿಯ ಜಾಡು ಉಂಟು, ಅಲ್ಲಿ ಹತ್ತು ಹನ್ನೆರಡು ಒಕ್ಕಲು ಉಂಟು, ಬಾಳೆಗೊನೆಯೂ ಮೆಣಸೂ ತಲೆಹೊರೆಯಲ್ಲಿ ಇಳಿಯುತ್ತದೆ, ಅದನ್ನೆಲ್ಲ ಇನ್ನು ಗಾಡಿಯಲ್ಲಿ ತರಬಹುದು. ಎಕ್ಸೆಲ್ ಮೂಡಬಿದ್ರೆಯ ಮೇಸ್ತ್ರಿಯ ಗ್ಯಾರೇಜಿನಲ್ಲಿ ಸಿದ್ಧ ಉಂಟು.

"ಅದರ ಖರ್ಚು?"

"ಧಣಿಗಳು ನೋಡಿಕೊಳ್ತಾರೆ."

"ಎಲ್ಲ?"

"ಎಲ್ಲ. ನಮ್ಮ ಮೇಲೆ ಪ್ರೀತಿ ಉಂಟು ಅವರಿಗೆ."

ಧಣಿಗೆ ನಮ್ಮ ಮೇಲೆ ಪ್ರೀತಿ ಇದ್ದದ್ದು ನನಗೆ ಅಂದೇ ಗೊತ್ತಾದದ್ದು. ಹಿಂದಿನ ದೀಪಾವಳಿಗೆ ಬಾಡಿಗೆ ಸ್ವಲ್ಪ ಹೆಚ್ಚು ಮಾಡಿ ಎಂದು ಕೇಳಲು ಹೋದ ಇವರನ್ನು ಗೋದಾಮಿನ ಬಾಗಿಲಲ್ಲೇ ಒಂದು ಗಂಟೆ ನಿಲ್ಲಿಸಿದ ಮನುಷ್ಯ ಅವರು.

ಆ ಮೇಲೆ ನನ್ನ ಕಣ್ಣು ಬೇರೆಯಾಯಿತು. ಅಷ್ಟು ದಿನ ನೋಡಿಯೂ ನೋಡದಂತೆ ಬಿಟ್ಟದ್ದನ್ನೆಲ್ಲ ತೆಗೆದು ತೆಗೆದು ನೋಡತೊಡಗಿದೆ. ಇವರು ಗಾಡಿಯ ಹಿಂದೆ ಸಾಮಾನು ತುಂಬುವ ತಟ್ಟನ್ನು ತೊಳೆಯುವ ಜಾತಿಯವರೇ ಅಲ್ಲ. ಒಣಮೀನಿನ ವಾಸನೆ ಬರುತ್ತದೆ ಎಂದು ನಾನೇ ಎಷ್ಟೋ ಸಲ ಜಗಳ ಮಾಡಿದ್ದುಂಟು. ಅಂಥವರು ಆ ಚಳಿಗಾಲದಲ್ಲಿ ಎರಡು ಸಲ ಗಾಡಿಯನ್ನು ಹೊಳೆಗೆ ಇಳಿಸಿ ತೊಳೆದು ತಂದಿದ್ದರು. ಘಟ್ಟದ ಬುಡಕ್ಕೆ ಹೋದ ದಿನಗಳಲ್ಲಿ ಊಟಕ್ಕೆ ಕೂತರೆ ಮಾತು ಕಡಿಮೆ. ಅಮ್ಮ ಒಂದು ದಿನ ಅಡಿಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತ, ನನ್ನ ಮುಖ ನೋಡದೆ, "ದಾರಿ ಇಲ್ಲದ ಕಡೆಗೆ ಗಂಡಸರಿಗೆ ಅಷ್ಟು ಅವಸರ ಯಾಕೆ ಅಂತ ಕೇಳಿಕೋ ಮಗಾ" ಎಂದರು. ಅಮ್ಮನ ಮನಸ್ಸಿನಲ್ಲಿದ್ದದ್ದು ಒಬ್ಬ ಹೆಂಗಸು. ಹೇಳದಿದ್ದರೂ ನನಗೆ ಅರ್ಥವಾಯಿತು. ಅರ್ಥವಾದ ಮೇಲೆ ಆ ಹೆಂಗಸಿಗೆ ಒಂದು ಮುಖ, ಒಂದು ಮನೆ ಎಲ್ಲವನ್ನೂ ನಾನೇ ಕಟ್ಟಿದೆ.

"ನಾನೂ ಮೂಡಬಿದ್ರೆಗೆ ಬರ್ತೇನೆ. ನನ್ನ ಹೆಸರಿನ ಗಾಡಿಗೆ ಏನು ಹಾಕ್ತಾರೆ ಅಂತ ನೋಡ್ಬೇಕು" ಎಂದೆ. ಇವರು ನಕ್ಕರು. ಆ ನಗುವಿನಲ್ಲಿ ತಮಾಷೆ ಇರಲಿಲ್ಲ.

ಮೇಸ್ತ್ರಿಯ ಗ್ಯಾರೇಜು ತೋಡಾರಿನ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿತ್ತು. ಗ್ಯಾರೇಜೆಂದರೆ ಒಂದು ಹುಣಸೆಮರ, ಅದರ ಕೆಳಗೆ ತೆಂಗಿನ ಮಡಲಿನ ಚಪ್ಪರ. ಮೇಸ್ತ್ರಿ ಯುದ್ಧದ ಕಾಲದಲ್ಲಿ ಮಿಲಿಟರಿ ಗಾಡಿಗಳ ಕೆಲಸ ಮಾಡಿ ಬಂದವರು. ಐವತ್ತರ ಹತ್ತಿರದ ತೆಳ್ಳಗಿನ ಮನುಷ್ಯ, ಒಂದು ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಮಾತಾಡುವವರ ಕಡೆಗೆ ತಲೆ ಓರೆ ಮಾಡಿ ನಿಲ್ಲುತ್ತಿದ್ದರು. ಅದೂ ನನಗೆ ಕಳ್ಳಭಂಗಿಯಾಗಿ ಕಂಡಿತು.

ಎಕ್ಸೆಲ್ ನೆಲದ ಮೇಲೆ ಗೋಣಿ ಹೊದೆದು ಮಲಗಿತ್ತು. ಗೋಣಿ ಸರಿಸಿ ತೋರಿಸಿದರು. ಹಸುರು ಬಣ್ಣ ಅಲ್ಲಲ್ಲಿ ಉಳಿದಿತ್ತು, ನಡುವೆ ಗುಡಾಣದಂಥ ಒಂದು ಕಬ್ಬಿಣದ ಉಬ್ಬು.

"ಈಗ ಹಿಂದಿನದ್ದು ಮಾತ್ರ ದೂಡುವುದಮ್ಮ. ಇದು ಕೂರಿಸಿದರೆ ಮುಂದಿನದ್ದೂ ಎಳೀತದೆ. ಕೆಸರು, ಕಲ್ಲು, ಏರು ಎಲ್ಲ ಹತ್ತುತ್ತದೆ."

"ಸಾಮಾನು ತುಂಬಿಸಿದರೂ?"

ಮೇಸ್ತ್ರಿ ನನ್ನನ್ನು ನೋಡಿದರು, ಮತ್ತೆ ಇವರನ್ನು. "ಯಾವ ಸಾಮಾನು ಅಂತ ಉಂಟಲ್ಲ" ಎಂದರು.

ಆಮೇಲೆ ಗಾಡಿಯ ಕೆಳಗೆ ತೂರಿ, ಹಿಂದಿನ ಸ್ಪ್ರಿಂಗಿನ ಪಟ್ಟಿಗಳ ಮೇಲೆ ಬೆರಳಾಡಿಸಿ, ಅಲ್ಲಿಂದಲೇ ಕೇಳಿದರು. "ಎಡದ ಮೇನ್ ಪಟ್ಟಿ ಬಿರುಕು ಬಿಟ್ಟಿದೆ. ಏನು ಹಾಕಿದ್ರಿ?"

"ಉಪ್ಪು. ಅಕ್ಕಿ. ಇನ್ನೇನು?" ಇವರೆಂದರು.

ನಾನು ಅಷ್ಟರಲ್ಲಿ ಗಾಡಿಯ ಹಿಂದೆ ಹೋಗಿ ತಟ್ಟಿನೊಳಗೆ ಇಣುಕಿದ್ದೆ. ಕ್ಯಾಬಿನ್ನಿನ ಹಿಂಬದಿಗೆ ಒತ್ತಿ, ತಟ್ಟಿನ ನೆಲದಲ್ಲಿ, ಸೀಮೆಸುಣ್ಣದಿಂದ ನಾಲ್ಕು ಗುರುತು ಹಾಕಿತ್ತು.

"ಇಲ್ಲಿ ಎಂತ ಬರುವುದು?"

"ರಾಟೆ" ಎಂದರು ಇವರು. "ಹೂತುಹೋದರೆ ಹಗ್ಗವನ್ನು ಮರಕ್ಕೆ ಕಟ್ಟಿ ನಮ್ಮನ್ನು ನಾವೇ ಎಳೆದುಕೊಳ್ಳುವುದಕ್ಕೆ."

ಅದು ಸರಿಯಾದ ಮಾತಿನಂತೆಯೇ ಕೇಳಿತು. ಆದರೂ ಹೂತುಹೋದ ಗಾಡಿಯನ್ನು ಮುಂದಕ್ಕೆ ಎಳೆಯುವ ರಾಟೆ ಹಿಂದೆ ಯಾಕೆ ಎಂದು ನಾನು ಕೇಳಲಿಲ್ಲ. ನನಗೆ ಯಂತ್ರದ ವಿಷಯ ಗೊತ್ತಿಲ್ಲ, ಕೇಳಿ ನಗೆಪಾಟಲಾಗುವುದು ಬೇಡ ಅನ್ನಿಸಿತು. ಮೇಸ್ತ್ರಿ ಗಾಡಿಯ ಕೆಳಗಿಂದ ಎದ್ದು ಬಂದು ಕೈ ಒರೆಸುತ್ತ ಬೇರೆ ಕಡೆ ನೋಡಿದರು. ಇವರಿಬ್ಬರೂ ಸೇರಿ ನನಗೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ನನಗೆ ಆ ಕ್ಷಣಕ್ಕೆ ಖಾತ್ರಿಯಾಯಿತು.

ಮನೆಗೆ ಬರುವ ದಾರಿಯಲ್ಲಿ ಹೇಳಿದೆ. "ನಾನು ಆ ತೋಡಿನ ಆಚೆಯ ದಾರಿ ನೋಡಬೇಕು. ನೋಡದೆ ರುಜು ಹಾಕುವುದಿಲ್ಲ."

"ಅಲ್ಲಿ ನೋಡ್ಲಿಕ್ಕೆ ಎಂತ ಉಂಟು? ಕಲ್ಲು ಮುಳ್ಳು."

"ಕಲ್ಲು ಮುಳ್ಳೇ ನೋಡ್ತೇನೆ."

ಎರಡು ದಿನ ಬಿಟ್ಟು ಬೆಳಿಗ್ಗೆ ಹೊರಟೆವು. ಬೆಳ್ತಂಗಡಿಯಲ್ಲಿ ಎರಡು ಅಂಗಡಿಗೆ ಉಪ್ಪು ಇಳಿಸಿ, ಒಂದು ಹೋಟೆಲಿನಲ್ಲಿ ಚಾ ಕುಡಿದು, ಘಟ್ಟದ ಕಡೆ ತಿರುಗಿದೆವು. ಗಾಡಿಯ ಮುಂದಿನ ಸೀಟಿನಲ್ಲಿ ಹೆಂಗಸು ಕೂತದ್ದನ್ನು ನೋಡಲು ಜನ ಅಂಗಡಿಯಿಂದ ಇಳಿದು ಬರುತ್ತಿದ್ದರು. ತೋಡಿನ ಹತ್ತಿರ ಗಾಡಿ ನಿಲ್ಲಿಸಿ ನಡೆದೆವು. ನೀರು ಮೊಣಕಾಲಿಗಿಂತ ಕೆಳಗೆ, ಕಲ್ಲುಗಳು ಮಾತ್ರ ಎಮ್ಮೆಯ ಬೆನ್ನಿನಷ್ಟು ದೊಡ್ಡವು. ಇಂಥ ಕಡೆ ನಮ್ಮ ಗಾಡಿ ಹೂತದ್ದರಲ್ಲಿ ಆಶ್ಚರ್ಯವಿಲ್ಲ ಅನ್ನಿಸಿತು.

ಮೊದಲ ಮನೆಯಲ್ಲಿ ಒಬ್ಬ ಹೆಂಗಸು ಅಂಗಳದಲ್ಲಿ ಮೆಣಸು ಹರಡುತ್ತಿದ್ದಳು. ಇವರನ್ನು ಕಂಡದ್ದೇ ಮುಖ ಅರಳಿಸಿ, "ಬಂದ್ರಾ? ಈ ಸಲ ಅಕ್ಕನನ್ನೂ ಕರ್ಕೊಂಡು ಬಂದ್ರಲ್ಲ" ಎಂದಳು. ಅವಳ ಹಣೆ, ಕೈಬಳೆ, ಸೀರೆಯ ಅಂಚು, ಎಲ್ಲವನ್ನೂ ಅಳೆದೆ. ಬೆಲ್ಲ ನೀರು ತಂದುಕೊಟ್ಟಳು. ಒಳಗಿನಿಂದ ಅವಳ ಗಂಡ ಕೋಲೂರಿಕೊಂಡು ಬಂದ. ಮರದಿಂದ ಬಿದ್ದು ಒಂದು ಕಾಲು ನೆಟ್ಟಗಿರಲಿಲ್ಲ. ಬಿದ್ದ ದಿನ ಅವನನ್ನು ಕಂಬಳಿಯಲ್ಲಿ ಹೊತ್ತು ಇಳಿಸಿ, ತೋಡಿನ ಈಚೆಯಿಂದ ನಮ್ಮ ಗಾಡಿಯಲ್ಲಿ ಬೆಳ್ತಂಗಡಿಯ ಆಸ್ಪತ್ರೆಗೆ ಕೊಂಡುಹೋದರಂತೆ. ಇವರು ಮನೆಯಲ್ಲಿ ಅದನ್ನು ಹೇಳಿಯೇ ಇರಲಿಲ್ಲ.

"ಗಾಡಿ ಇಲ್ಲಿಯ ತನಕ ಬಂದಿದ್ದರೆ ಕಾಲು ಇಷ್ಟು ಹಾಳಾಗ್ತಿರಲಿಲ್ಲ ಅಂತ ಡಾಕ್ಟ್ರು ಹೇಳಿದ್ರು ಅಕ್ಕ" ಎಂದಳು ಅವಳು. ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು. ಅಲ್ಲೇ ಕೂತು, ಮನೆಗೆ ಹೋದ ಕೂಡಲೇ ರುಜು ಹಾಕಿ ಮುಗಿಸುವ ಎಂದು ನಿಶ್ಚಯಿಸಿದೆ.

ಕೊನೆಯ ಮನೆಯ ತನಕ ನೋಡಿ ಹಿಂದಿರುಗುವುದೆಂದು ಮುಂದೆ ಹೋದೆವು. ಕೊನೆಯ ಮನೆಯಾದ ಮೇಲೆ ಜಾಡು ಕಿರಿದಾಗಬೇಕಿತ್ತು. ಆಗಲಿಲ್ಲ, ಅಗಲವಾಯಿತು. ಎರಡೂ ಬದಿಯ ಪೊದೆ ಕಡಿದಿತ್ತು. ಕಡಿದ ತುದಿಗಳು ಇನ್ನೂ ಹಸಿ. ಏರಿನಲ್ಲಿ ಕಲ್ಲು ಹಾಸಿ ಚಕ್ರಕ್ಕೆ ಹಿಡಿತ ಮಾಡಿದ್ದರು.

"ಇದು ಯಾರ ಮನೆಗೆ?"

"ಮನೆ ಇಲ್ಲ. ಧಣಿಗಳ ಜನ ಮಾಡಿದ್ದು. ಸೀಗೆಕಾಯಿ ತರ್ಲಿಕ್ಕೆ."

"ಸೀಗೆಕಾಯಿ ತಲೆಯ ಮೇಲೆ ಬರುವುದಿಲ್ವಾ?"

ಇವರು ನಿಂತುಬಿಟ್ಟರು. "ಸಾಕು, ಬಿಸಿಲಾಯ್ತು, ಹೋಗುವ" ಎಂದರು. ನಾನು ಹೋಗಲಿಲ್ಲ. ಇನ್ನೂ ನೂರು ಮಾರು ನಡೆದೆ. ದಾರಿಯ ಬದಿಗೆ ಒಂದು ಕಡೆ ಒಣಗಿದ ಸೊಪ್ಪು ರಾಶಿ ಹಾಕಿತ್ತು. ಸುತ್ತ ಆ ಸೊಪ್ಪಿನ ಮರ ಒಂದೂ ಇಲ್ಲ. ಕಾಲಿನಿಂದ ಸರಿಸಿದೆ. ಕೆಳಗೆ ಕೆಸರು ಬಳಿದ, ಕಡಿದ ಮರದ ಬುಡ. ಕೆಸರು ಕೆರೆದರೆ ಒಳಗೆ ಕಪ್ಪು ನೇರಳೆ ಬಣ್ಣ. ಬೀಟೆ, ಸರಕಾರಿ ಕಾಡಿನ ಮರ. ನಮ್ಮ ಮನೆಯ ಚಾವಡಿಯ ಹಳೆಯ ಪೆಟ್ಟಿಗೆಯ ಬಣ್ಣ. ನಾವಿಬ್ಬರೂ ಕೈ ಚಾಚಿದರೂ ಅಪ್ಪಿಕೊಳ್ಳಲಾಗದಷ್ಟು ದಪ್ಪದ ಬುಡ ಅದು. ಸೊಪ್ಪಿನ ರಾಶಿಗಳು ಮುಂದೆ ಇನ್ನೂ ನಾಲ್ಕೈದು ಇದ್ದವು. ಲೆಕ್ಕ ಮಾಡಲು ಹೋಗಲಿಲ್ಲ.

"ನೀವು ತಂದಿದ್ದೀರಾ ಇದನ್ನು?"

ಇವರು ಬಗ್ಗಿ ಮುಂಡಿನ ತುದಿಗೆ ಹತ್ತಿದ ಮುಳ್ಳು ಕಿತ್ತರು. ಆಮೇಲೆ ಹೇಳಿದರು. ಎರಡು ಸಲ. ತೋಡಿನ ಈಚೆಗೆ, ರಸ್ತೆಬದಿಯಲ್ಲಿ, ಗೋಣಿ ಸುತ್ತಿದ ತುಂಡುಗಳನ್ನು ಧಣಿಯ ಜನ ಗಾಡಿಗೆ ಏರಿಸಿದರಂತೆ. ಬಂಟ್ವಾಳದ ಆಚೆ ಒಂದು ಮರದ ಮಿಲ್ಲಿಗೆ ಇಳಿಸಿದ್ದಂತೆ.

"ಗೋಣಿಯ ಒಳಗೆ ಎಂತ ಉಂಟು ಅಂತ ಕೇಳಲಿಲ್ವಾ?"

"ಕೇಳಿದ್ರೆ ಹೇಳ್ತಿದ್ರು."

ಆ ಮಾತು ನನಗೆ ಅಂದೇ ಪೂರ್ತಿ ಅರ್ಥವಾಯಿತು. ಗೊತ್ತಾಗಬಾರದೆಂದೇ ಕೇಳಲಿಲ್ಲ. ನಾನು ಹುಡುಕಿಕೊಂಡು ಬಂದದ್ದು ಒಬ್ಬ ಹೆಂಗಸನ್ನು. ಅವಳೇ ಇದ್ದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಜಗಳವಾಡಲು ಒಂದು ಮುಖವಾದರೂ ಸಿಗುತ್ತಿತ್ತು.

ಇಳಿಯುವಾಗ ಇವರು ಹೇಳುತ್ತಲೇ ಬಂದರು. ಎಕ್ಸೆಲ್ ಕೂರಿಸಿದರೂ ಮರ ತರುವುದಿಲ್ಲ, ಬಾಳೆಗೊನೆ ಮಾತ್ರ ತರ್ತೇನೆ. ಬೇಡ ಅಂದರೆ ಧಣಿ ಉಪ್ಪಿನ ಕೆಲಸವನ್ನೂ ಬೇರೆಯವರಿಗೆ ಕೊಡ್ತಾರೆ. ಕಾಲು ಮುರಿದವನನ್ನು ನೀನೇ ನೋಡಿದೆಯಲ್ಲ. ಪ್ರತಿಯೊಂದು ಮಾತೂ ನಿಜವೇ. ನಿಜವಾದ ಮಾತುಗಳನ್ನೇ ಜೋಡಿಸಿ ನನ್ನನ್ನು ಒಪ್ಪಿಸುತ್ತಿದ್ದಾರಲ್ಲ ಎಂಬ ಸಂಶಯ ಮಾತ್ರ ಹೋಗಲಿಲ್ಲ.

ಮಾವನಲ್ಲಿ ಹೇಳಿದೆ. ಮಾವ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು, ಕೊನೆಗೆ, "ಧಣಿಗಳು ದೊಡ್ಡವರು. ಅವರಿಗೆ ಎಲ್ಲ ಕಡೆ ಜನ ಉಂಟು. ನೀನು ರುಜು ಹಾಕು, ಉಳಿದದ್ದು ಗಂಡಸರು ನೋಡಿಕೊಳ್ತೇವೆ" ಎಂದರು. ಮರ ಎಂಬ ಶಬ್ದ ನನ್ನ ಬಾಯಿಂದ ಬಂದಾಗ ಮಾವನ ಕೈಯಲ್ಲಿದ್ದ ಎಲೆ ಅಲುಗಲಿಲ್ಲ. ಮಾವನಿಗೆ ಮೊದಲೇ ಗೊತ್ತಿತ್ತೇ? ಗಾಡಿಯನ್ನು ನನ್ನ ಹೆಸರಿಗೆ ಬರೆಸಿದ್ದು ಪ್ರೀತಿಯಿಂದಲೇ? ಅಂಥ ಪ್ರಶ್ನೆ ಮಾವನ ಬಗ್ಗೆ ನನ್ನ ಮನಸ್ಸಿಗೆ ಬಂದದ್ದು ಅದೇ ಮೊದಲು. ಉತ್ತರ ಸಿಗಲೇ ಇಲ್ಲ. ಮಾವ ತೀರಿಕೊಂಡು ಎಷ್ಟೋ ವರ್ಷವಾಯಿತು.

ಮನೆಯಲ್ಲಿ ಕೇಳಲು ಇನ್ನು ಯಾರೂ ಉಳಿದಿರಲಿಲ್ಲ. ವಿಚಿತ್ರವೆಂದರೆ ನಾನು ಹೋದದ್ದು, ಎಲ್ಲರಿಗಿಂತ ಹೆಚ್ಚು ಯಾರನ್ನು ನಂಬಿರಲಿಲ್ಲವೋ ಆ ಮನುಷ್ಯನ ಹತ್ತಿರ. ಅಕ್ಕನ ಮನೆಗೆ ಹೋಗುತ್ತೇನೆಂದು ಹೇಳಿ, ವೇಣೂರಿನಲ್ಲಿ ಬಸ್ಸು ಹತ್ತಿ ಮೂಡಬಿದ್ರೆಯಲ್ಲಿ ಇಳಿದು, ಬಿಸಿಲಲ್ಲಿ ಗ್ಯಾರೇಜಿಗೆ ನಡೆದೆ. ಮೇಸ್ತ್ರಿ ಒಬ್ಬರೇ ಇದ್ದರು. ಒಂದು ಡಬ್ಬಿಯಲ್ಲಿ ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ನಾನು ಒಬ್ಬಳೇ ಬಂದದ್ದನ್ನು ನೋಡಿ ಎದ್ದು ನಿಂತರು, ಆದರೆ ಹತ್ತಿರ ಬರಲಿಲ್ಲ.

"ಮೇಸ್ತ್ರಿಗಳೇ, ರಾಟೆ ಹಿಂದೆ ಯಾಕೆ?"

ಅವರು ತಲೆ ಓರೆ ಮಾಡಿದರು. ಕೇಳಿಸಲಿಲ್ಲವೆಂದು ಮತ್ತೆ ಹೇಳಿದೆ.

"ಕೇಳಿತು ಅಮ್ಮ. ನಿಮಗೆ ಗೊತ್ತಿಲ್ವಾ?"

"ಗೊತ್ತಿದ್ದರೆ ಬಸ್ಸಿನಲ್ಲಿ ಯಾಕೆ ಬರ್ತಿದ್ದೆ?"

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಸ್ಟೂಲು ಎಳೆದು, ಧೂಳು ಹೊಡೆದು, ಕೂರಿ ಎಂದರು. "ಗಾಡಿ ತನ್ನನ್ನು ತಾನು ಎಳ್ಕೊಳ್ಳುವುದಾದರೆ ರಾಟೆ ಮುಂದೆ ಬೇಕು. ಹಿಂದೆ ಕೂರಿಸುವುದು ಹೊರಗಿದ್ದದ್ದನ್ನು ಒಳಗೆ ಎಳೆಯಲಿಕ್ಕೆ. ಉಪ್ಪಿನ ಚೀಲವನ್ನು ಯಾರೂ ಉಕ್ಕಿನ ಹಗ್ಗದಲ್ಲಿ ಎಳೆಯುವುದಿಲ್ಲ. ಆ ಪಟ್ಟಿಯೂ ಹಾಗೆ. ಚೀಲದ ಭಾರ ಹರಡಿಕೊಳ್ತದೆ, ಪಟ್ಟಿ ಮೆಲ್ಲಗೆ ಬಗ್ಗುತ್ತದೆ. ನಿಮ್ಮದು ಒಂದೇ ಏಟಿಗೆ ಬಿರುಕು ಬಿಟ್ಟದ್ದು. ದೊಡ್ಡ ತುಂಡು ಒಂದು ಬದಿಗೆ ಬಿದ್ದಿದೆ."

"ಮತ್ತೆ ಅವತ್ತು ಯಾಕೆ ಹೇಳಲಿಲ್ಲ?"

"ಹೇಳುವುದು ಹೇಗಮ್ಮ? ಗಾಡಿ ನಿಮ್ಮದು. ಯಜಮಾನಿಯೇ ಬಂದು ಸಾಮಾನು ತುಂಬಿಸಿದರೂ ಹತ್ತುತ್ತದಾ ಅಂತ ಕೇಳಿದ್ರಿ. ಇದೆಲ್ಲ ನಿಮ್ಮದೇ ಕಾರುಬಾರು, ನಾನು ಬಾಯಿ ಬಿಡ್ತೇನಾ ಅಂತ ನೋಡ್ಲಿಕ್ಕೆ ಬಂದದ್ದು ಅಂತ ನಾನು ತಿಳ್ಕೊಂಡೆ. ನೀವು ಹೋದ ಮೇಲೆ ಹೆಂಡತಿಯ ಹತ್ತಿರವೂ ಹೇಳಿದೆ, ಆ ಹೆಂಗಸು ಸಾಮಾನ್ಯದವಳಲ್ಲ ಅಂತ."

ನಾನು ನಕ್ಕುಬಿಟ್ಟೆ. ಅಷ್ಟು ದಿನಗಳಲ್ಲಿ ಮೊದಲ ಸಲ. ಮೇಸ್ತ್ರಿಗೂ ನಗು ಬಂತು. ಹುಣಸೆಮರದ ಕೆಳಗೆ ಒಬ್ಬರನ್ನೊಬ್ಬರು ಕಳ್ಳರೆಂದು ತಿಳಿದ ಇಬ್ಬರು ಎದುರುಬದುರು ಕೂತಿದ್ದೆವು.

ಆಮೇಲೆ ಅವರು ಉಳಿದದ್ದನ್ನು ಹೇಳಿದರು. ಎಕ್ಸೆಲ್ ತರಿಸಲು ಹೇಳಿದ್ದು ನನ್ನ ಗಂಡನಲ್ಲ, ಧಣಿಯ ಗುಮಾಸ್ತ. ಅದೂ ಮಳೆಗಾಲ ಮುಗಿಯುವ ಮೊದಲೇ. ಆಗಿನ್ನೂ ನಮ್ಮ ಗಾಡಿ ತೋಡಿನಲ್ಲಿ ಹೂತೇ ಇರಲಿಲ್ಲ. "ನಾನು ಕೂರಿಸಿದರೆ ನನಗೆ ಲಾಭವೇ. ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ತಿಳ್ಕೊಳ್ಳಿ. ಗೇಟಿನಲ್ಲಿ ಫಾರೆಸ್ಟಿನವರು ಹಿಡಿದರೆ ಓಡಿಸುವವರನ್ನು ಒಂದು ಮಾತು ಕೇಳ್ತಾರೆ. ಆಮೇಲೆ ಗಾಡಿಯ ಪುಸ್ತಕ ತೆಗೆದು ಯಾರ ಹೆಸರು ಅಂತ ನೋಡ್ತಾರೆ."

"ಹಾಗಾದರೆ ಆ ಮೇಲಿನ ಒಕ್ಕಲಿನವರಿಗೆ ಗಾಡಿ ಹೋಗುವುದೇ ಬೇಡವಾ? ಅವರ ಬಾಳೆಗೊನೆ, ಅವರ ಕಾಯಿಲೆಯವರು?"

ಮೇಸ್ತ್ರಿ ಸ್ವಲ್ಪ ಯೋಚಿಸಿದರು. ನೆಲದಲ್ಲಿ ಕಡ್ಡಿಯಿಂದ ಗೀಚಿ ತೋರಿಸಿದರು. ಹಿಂದಿನ ಸ್ಪ್ರಿಂಗಿಗೆ ಎರಡು ಪಟ್ಟಿ ಹೆಚ್ಚು ಹಾಕಿ ಗಾಡಿಯನ್ನು ಒಂದು ಗೇಣು ಎತ್ತರಿಸಬಹುದು. ಕೆಸರಿನಲ್ಲಿ ಟಯರಿಗೆ ಸುತ್ತುವ ಕಬ್ಬಿಣದ ಸಂಕೋಲೆ ಒಂದು ಜೊತೆ ಮಾಡಿಕೊಡ್ತೇನೆ. ಎಂಜಿನ್ನಿನ ಅಡಿಗೆ ಕಲ್ಲು ತಾಗದಂತೆ ಒಂದು ತಗಡು. ಬೇಸಗೆಯಲ್ಲಿ ಹೋಗಿ ಬರುತ್ತದೆ. ಮಳೆಗಾಲದಲ್ಲಿ ಇಲ್ಲ. "ಭಾರದ ಮರ ತುಂಬಿಸಿ ಆ ಏರು ಇಳಿಯಲಿಕ್ಕೆ ಆಗುವುದಿಲ್ಲ. ಅದು ಒಳ್ಳೆಯದೇ ಅಲ್ವಾ?"

ಅರ್ಜಿಗೆ ನಾನು ರುಜು ಹಾಕಲಿಲ್ಲ. ಇವರಿಗೆ ನೇರವಾಗಿ ಹೇಳಿದೆ. ಮೇಸ್ತ್ರಿ ಹೇಳಿದ್ದನ್ನೂ ಹೇಳಿದೆ. "ನನ್ನ ಬೆನ್ನ ಹಿಂದೆ ಹೋಗಿ ವಿಚಾರಣೆ ಮಾಡಿದೆಯಾ?" ಎಂದು ಇವರು ಕೂಗಾಡಿದರು. ಮಾವ ಬಂದು ನಿಂತರೂ ನಾನು ಮಣಿಯಲಿಲ್ಲ. ಇವರು ನನ್ನೊಡನೆ ಮಾತಾಡದೆ ಹದಿನೈದು ದಿನ ಕಳೆದರು. ಅನ್ನ ಬಡಿಸಿದರೆ ಉಣ್ಣುತ್ತಿದ್ದರು, ಸಾರು ಬೇಕಾದರೆ ಅಮ್ಮನನ್ನು ಕೇಳುತ್ತಿದ್ದರು.

ಧಣಿ ನಮ್ಮನ್ನು ಬೈಯಲೂ ಇಲ್ಲ. ಒಂದು ಸೋಮವಾರ ಇವರು ಗೋದಾಮಿಗೆ ಹೋದರೆ ಉಪ್ಪನ್ನು ಬೇರೆ ಗಾಡಿಗೆ ತುಂಬಿಸುತ್ತಿದ್ದರು, ಅಷ್ಟೇ. ಆ ಎಕ್ಸೆಲ್ಲೂ ಆ ರಾಟೆಯೂ ಬೆಳ್ತಂಗಡಿಯ ಕಡೆಯ ಇನ್ನೊಬ್ಬರ ಗಾಡಿಗೆ ಹತ್ತಿದವು. ಆ ಗಾಡಿ ಒಂದು ದಿನ ಸಿಕ್ಕಿಬೀಳುತ್ತದೆ, ಆಗ ಎಲ್ಲರೂ ನನ್ನ ಮಾತು ನೆನೆಸಿಕೊಳ್ಳುತ್ತಾರೆ ಎಂದು ನಾನು ಕಾದೆ. ನಿಜ ಹೇಳಬೇಕೆಂದರೆ ಆಸೆಯಿಂದಲೇ ಕಾದೆ. ಸಿಕ್ಕಿಬೀಳಲಿಲ್ಲ. ವರ್ಷಗಟ್ಟಲೆ ಓಡಿತು. ಅದರ ಯಜಮಾನರು ಹಂಚಿನ ಮನೆ ಕಟ್ಟಿಸಿದರು. ಗೃಹಪ್ರವೇಶದ ಕಾಗದ ನಮಗೂ ಬಂತು. ಇವರು ಅದನ್ನು ನನ್ನ ಕಣ್ಣಿಗೆ ಬೀಳುವ ಹಾಗೆ ಕಿಟಿಕಿಯ ಸಲಾಕೆಗೆ ಸಿಕ್ಕಿಸಿ ಇಟ್ಟಿದ್ದರು.

ನಮ್ಮ ಗಾಡಿಗೆ ಮೇಸ್ತ್ರಿ ಎರಡು ಪಟ್ಟಿ ಹಾಕಿದರು, ಸಂಕೋಲೆ ಮಾಡಿಕೊಟ್ಟರು. ಬೇಸಗೆಯಲ್ಲಿ ತೋಡು ದಾಟಿ ಆ ಮೊದಲ ಮನೆಯ ಅಂಗಳದ ತನಕ ಹೋಗತೊಡಗಿತು. ಬಾಳೆಗೊನೆ, ಮೆಣಸು, ಒಮ್ಮೆ ಹೆರಿಗೆನೋವಿನ ಒಬ್ಬಳು, ಒಮ್ಮೆ ಮದುವೆಯ ದಿಬ್ಬಣ. ಮಳೆಗಾಲದಲ್ಲಿ ತೋಡಿನ ಈಚೆ ನಿಲ್ಲುತ್ತಿತ್ತು. ಒಂದು ಆಟಿ ತಿಂಗಳ ಮಳೆಯಲ್ಲಿ ಮೇಲಿನಿಂದ ಹೊತ್ತು ತಂದ ಒಬ್ಬ ಮುದುಕ ತೋಡಿನ ಆಚೆಯೇ ತೀರಿಕೊಂಡನೆಂದು ಇವರು ಬಂದು ಹೇಳಿದರು. ಆ ಎಕ್ಸೆಲ್ ಇದ್ದಿದ್ದರೆ ಗಾಡಿ ದಾಟುತ್ತಿತ್ತೋ ಏನೋ. ಇವರು ಹಾಗೆ ಅನ್ನಲಿಲ್ಲ. ಅನ್ನದೆ ಇದ್ದದ್ದಕ್ಕೆ ನಾನು ಇಂದಿಗೂ ಋಣಿ.

ನನ್ನ ಸಂಶಯ ಮಾತ್ರ ಬಹಳ ಕಾಲ ಹೋಗಲಿಲ್ಲ. ಗಾಡಿ ಅಂಗಳಕ್ಕೆ ಬಂದರೆ ಏನಾದರೂ ನೆಪ ಮಾಡಿ ತಟ್ಟಿನೊಳಗೆ ಬಗ್ಗುತ್ತಿದ್ದೆ. ಮರದ ಚೂರು ಇದೆಯೇ, ತೊಳೆದಿದ್ದಾರೆಯೇ? ಇವರು ನೋಡಿಯೂ ನೋಡದಂತೆ ಕಾಲು ತೊಳೆಯಲು ಬಾವಿಕಟ್ಟೆಗೆ ಹೋಗುತ್ತಿದ್ದರು. ಅವರಿಗೆ ಎಷ್ಟು ನೋವಾಗುತ್ತಿತ್ತೋ ನನಗೆ ಗೊತ್ತಿಲ್ಲ. ಕೇಳಲಿಲ್ಲ.

ಗಾಡಿಯನ್ನು ಮಾರಿ ಎಷ್ಟೋ ಕಾಲವಾದ ಮೇಲೆ, ಇವರ ಕಣ್ಣಿನ ಪೊರೆ ತೆಗೆಸಲು ಹೋಗಿ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದೆವು. ಒಂದು ಕಣ್ಣಿಗೆ ಹತ್ತಿ ಕಟ್ಟಿದ್ದರು. ಇವರು ನನ್ನ ಕಡೆ ತಿರುಗದೆ, "ಎರಡು ಸಲ ಅಂತ ಹೇಳಿದ್ದೆನಲ್ಲ" ಎಂದರು.

"ಯಾವುದು?"

"ಮರ. ಎರಡಲ್ಲ. ನಾಲ್ಕು. ಮೊದಲನೇ ಸಲವೇ ಗೋಣಿ ಬಿಚ್ಚಿ ನೋಡಿದ್ದೆ."

ನನಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತು ಎಂದು ಕಾದು ನೋಡಿದೆ, ಬರಲಿಲ್ಲ. "ಈಗ ಯಾಕೆ ಹೇಳ್ತೀರಿ?" ಎಂದು ಕೇಳಿದೆ.

"ಹೇಳುವ ಅಂತ ಅನ್ನಿಸಿತು" ಎಂದರು.

ನರ್ಸು ಬಂದು ಹೆಸರು ಕರೆದಳು. ಇವರ ಕೈ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದೆ. ಆ ನಾಲ್ಕು ನಿಜವಾಗಿ ನಾಲ್ಕೇ ಆಗಿತ್ತೋ ಇಲ್ಲವೋ ನಾನು ಆಮೇಲೆ ಕೇಳಿಲ್ಲ.